ಸ್ಟೀರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದೀರಾ? ತೂಕ ಬಿಡಿ, ತೊಡೆ ನೋಡಿ

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಹೆಚ್ಚಿನ ಕೆಲಸ ಮನೆಮನೆಗೆ ಹೋಗಿ ಮಾಡುವುದು. ಪಾರ್ಶ್ವವಾಯು ಆದವರು, ಮಂಡಿ ಆಪರೇಷನ್ ಆದವರು ಇದ್ದೇ ಇರುತ್ತಾರೆ. ಇವರ ನಡುವೆ ಇನ್ನೊಂದು ಥರದವರು ಸಿಗುತ್ತಾರೆ. "ಮೇಡಂ, ನೋವೇನೂ ಇಲ್ಲ. ಆದ್ರೆ ಕೂತರೆ ಏಳೋಕಾಗಲ್ಲ, ಬಸ್ ಮೆಟ್ಟಿಲು ಹತ್ತೋಕಾಗಲ್ಲ" ಅನ್ನುವವರು. ಮುಖ ನೋಡಿದರೆ ದುಂಡಗೆ, ಹೊಟ್ಟೆ ಮುಂದೆ ಬಂದಿದೆ, ಮನೆಯವರ ಪ್ರಕಾರ "ಆರೋಗ್ಯ ಚೆನ್ನಾಗಿದೆ". ಸೀರೆ ಸ್ವಲ್ಪ ಮೇಲೆತ್ತಿ ತೊಡೆ ನೋಡಿದರೆ ಮಾತ್ರ ಸೊರಗಿ ಹೋಗಿರುತ್ತದೆ. ಮಾತ್ರೆ ಡಬ್ಬಿ ತರಿಸಿದರೆ ಅದರಲ್ಲಿ ವೈಸೋಲೋನ್ ಅಥವಾ ಓಮ್ನಾಕಾರ್ಟಿಲ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಇರುತ್ತದೆ.

ಈ ಮಾತ್ರೆಯನ್ನು ಸುಮ್ನೆ ಬರೆದಿರುವುದಿಲ್ಲ. ಲೂಪಸ್ (ಮೈಯ ರಕ್ಷಣಾ ವ್ಯವಸ್ಥೆ ಮೈಯ ಮೇಲೇ ತಿರುಗಿಬೀಳುವ ಕಾಯಿಲೆ), ಸಂಧಿವಾತ, ಜೋರು ಆಸ್ತಮಾ, ಪೆಂಫಿಗಸ್ (ಚರ್ಮದ ಮೇಲೆ ಗುಳ್ಳೆ ಏಳುವ ಕಾಯಿಲೆ), ನೆಫ್ರೋಟಿಕ್ ತೊಂದರೆ (ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ಕಾಯಿಲೆ), ಕಿಡ್ನಿ ಕಸಿ. ಇಂಥ ಕಡೆ ಇದು ಜೀವ, ಕಿಡ್ನಿ, ಕಣ್ಣು ಉಳಿಸುವ ಔಷಧ. ಹಾಗಾಗಿ ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ. ನಾನು ಇಲ್ಲಿ ಬರೆಯುತ್ತಿರುವುದು ಮಾತ್ರೆ ತಗೊಳ್ಳುತ್ತಲೇ ಮೈಯ ಮಾಂಸ ಉಳಿಸಿಕೊಳ್ಳುವುದು ಹೇಗೆ ಅಂತ.

ಮೊದಲು ಡಬ್ಬಿ ತೆಗೆದು ನೋಡಿ

ಎಷ್ಟೋ ಜನಕ್ಕೆ ತಾವು ತಗೊಳ್ಳುತ್ತಿರುವುದು ಸ್ಟೀರಾಯ್ಡ್ ಅಂತಲೇ ಗೊತ್ತಿಲ್ಲ. "ಬೆಳಿಗ್ಗೆ ಒಂದು ಸಣ್ಣ ಮಾತ್ರೆ" ಅಷ್ಟೇ. ಶೀಟಿನ ಹಿಂದೆ ಕಂಪನಿ ಇಟ್ಟ ಹೆಸರಿನ ಹತ್ತಿರವೇ ಸಣ್ಣ ಅಕ್ಷರದಲ್ಲಿ ಔಷಧದ ಹೆಸರಿರುತ್ತದೆ. ಪ್ರೆಡ್ನಿಸೋಲೋನ್, ಮೀಥೈಲ್‌ಪ್ರೆಡ್ನಿಸೋಲೋನ್, ಡೆಫ್ಲಜಾಕಾರ್ಟ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಹೈಡ್ರೋಕಾರ್ಟಿಸೋನ್ ಇವುಗಳಲ್ಲಿ ಯಾವುದಿದ್ದರೂ ಈ ಲೇಖನ ನಿಮಗೇ. ಓದೋಕೆ ಬರದಿದ್ದರೆ ಮಗನ ಹತ್ತಿರವೋ ಮೆಡಿಕಲ್ ಶಾಪಿನವರ ಹತ್ತಿರವೋ ಓದಿಸಿ.

ಎಂಜಿ ನೋಡಿ ಮೋಸ ಹೋಗಬೇಡಿ. ಐದು ಎಂಜಿ ಪ್ರೆಡ್ನಿಸೋಲೋನ್ ಮಾಡುವ ಕೆಲಸವನ್ನು ನಾಲ್ಕು ಎಂಜಿ ಮೀಥೈಲ್‌ಪ್ರೆಡ್ನಿಸೋಲೋನ್ ಮಾಡುತ್ತದೆ. ಡೆಫ್ಲಜಾಕಾರ್ಟ್ ಆದರೆ ಸುಮಾರು ಆರು ಎಂಜಿ ಬೇಕು. ಡೆಕ್ಸಾಮೆಥಾಸೋನ್ ಮುಕ್ಕಾಲು ಎಂಜಿ ಸಾಕು. "ಅರ್ಧ ಎಂಜಿ ಮಾತ್ರೆ, ಏನಾಗುತ್ತೆ ಬಿಡಿ" ಅನ್ನುವ ಬೀಟಾಮೆಥಾಸೋನ್ ಒಂದೊಂದೂ ಮೂರು ನಾಲ್ಕು ಎಂಜಿ ಪ್ರೆಡ್ನಿಸೋಲೋನ್‌ಗೆ ಸಮ. ದಿನಕ್ಕೆ ಮೂರು ನುಂಗಿದರೆ ಲೆಕ್ಕ ನೀವೇ ಹಾಕಿ.

ಇನ್ನೊಂದು ಪಜೀತಿ, ಹೆಸರೇ ಇಲ್ಲದ ಮಾತ್ರೆ. ಮಂಡಿನೋವಿಗೆ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಾರಲ್ಲ, ಅದು. "ಅವರ ಕೈಗುಣ ಚೆನ್ನಾಗಿದೆ, ಎರಡೇ ದಿನಕ್ಕೆ ನೋವು ಮಾಯ" ಅಂತ ಊರೆಲ್ಲ ಹೇಳುತ್ತಾರೆ. ಎರಡು ದಿನಕ್ಕೆ ನೋವು ಹೋಗಿ, ಹಸಿವು ಜಾಸ್ತಿಯಾಗಿ, ತಿಂಗಳೊಳಗೆ ಮುಖ ತುಂಬಿಕೊಂಡರೆ ಆ ಕೈಗುಣದ ಬಗ್ಗೆ ನನಗೆ ಅನುಮಾನ. "ದಪ್ಪ ಆಗೋ ಮಾತ್ರೆ" ಅಂತ ಸಿಗುವುದರ ಕಥೆಯೂ ಬಹಳ ಸಲ ಇದೇ. ಅಂಥದ್ದನ್ನು ತಿಂಗಳುಗಟ್ಟಲೆ ತಗೊಂಡಿದ್ದರೆ ಪೊಟ್ಟಣದ ಸಮೇತ ವೈದ್ಯರ ಹತ್ತಿರ ಹೋಗಿ. ಅದನ್ನೂ ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ.

ಮಾಂಸ ಹೋಗುವುದು ಎಲ್ಲಿಗೆ?

"ಸ್ಟೀರಾಯ್ಡ್ ಅಂದ್ರೆ ಜಿಮ್ ಹುಡುಗರು ತಗೊಳ್ಳೋದಲ್ವಾ? ಅವರಿಗೆ ಮಾಂಸ ಬರುತ್ತೆ, ನಮಗ್ಯಾಕೆ ಹೋಗುತ್ತೆ?" ಈ ಪ್ರಶ್ನೆ ಕೇಳದ ಮನೆ ಇಲ್ಲ. ಒಳ್ಳೆ ಪ್ರಶ್ನೆ. ಎರಡೂ ಒಂದೇ ವಂಶದವು, ಕೊಲೆಸ್ಟರಾಲ್‌ನಿಂದ ಹುಟ್ಟುವ ಹಾರ್ಮೋನುಗಳ ಮಾದರಿ. ಆದರೆ ಜಿಮ್‌ನವರದ್ದು ಗಂಡಸಿನ ಹಾರ್ಮೋನಿನ ಕವಲು, ಅದು ಮಾಂಸ ಕಟ್ಟುತ್ತದೆ. ನಮ್ಮ ಮಾತ್ರೆ ಇನ್ನೊಂದು ಹಾರ್ಮೋನಾದ ಕಾರ್ಟಿಸೋಲ್‌ನ ಕವಲು, ಅದು ಮಾಂಸ ಕರಗಿಸುತ್ತದೆ.

ಎರಡು ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿದೆ. ಒಂದೊಂದರ ತೂಕ ನಾಲ್ಕೈದು ಗ್ರಾಂ ಅಷ್ಟೇ. ಅದರ ಹೊರಭಾಗದಲ್ಲಿ ಮೂರು ಪದರ. ಹೊರಗಿನದು ಅಲ್ಡೋಸ್ಟಿರೋನ್ ಮಾಡುತ್ತದೆ, ಉಪ್ಪು ನೀರಿನ ಲೆಕ್ಕ ಅದರದ್ದು. ನಡುವಿನದು ಕಾರ್ಟಿಸೋಲ್ ಮಾಡುತ್ತದೆ. ಒಳಗಿನದು ಗಂಡು ಹಾರ್ಮೋನಿನ ಜಾತಿಯದ್ದನ್ನು ಸ್ವಲ್ಪ ಮಾಡುತ್ತದೆ. ಕಾರ್ಟಿಸೋಲ್ ಬೆಳಗಿನ ಜಾವ ಏರಿ, ನಾವು ಏಳುವ ಹೊತ್ತಿಗೆ ತುದಿ ಮುಟ್ಟಿ, ನಡುರಾತ್ರಿಗೆ ತಳ ಸೇರುತ್ತದೆ. ಮಾತ್ರೆಯನ್ನು ಬೆಳಿಗ್ಗೆ ತಿಂಡಿ ಆದ ಮೇಲೆ ತಗೊಳ್ಳಿ ಅನ್ನುವುದು ಇದಕ್ಕೇ. ಸಂಜೆ ತಗೊಂಡರೆ ನಿದ್ದೆಯೂ ಕೆಡುತ್ತದೆ.

ಉಪವಾಸ, ಜ್ವರ, ಗಾಯ, ಭಯ. ಇಂಥ ಹೊತ್ತಿನಲ್ಲಿ ಮಿದುಳಿಗೆ ಸಕ್ಕರೆ ತಪ್ಪಬಾರದು. ಕಾರ್ಟಿಸೋಲ್ ಆಗ ಸ್ನಾಯುವಿನ ಪ್ರೋಟೀನ್ ಒಡೆಸಿ ಅಮೈನೋ ಆಮ್ಲಗಳನ್ನು ರಕ್ತಕ್ಕೆ ಬಿಡಿಸುತ್ತದೆ. ಲಿವರ್ ಅವನ್ನು ಹಿಡಿದು ಸಕ್ಕರೆ ಮಾಡುತ್ತದೆ. ಕಷ್ಟಕಾಲದಲ್ಲಿ ಒಡವೆ ಒತ್ತೆ ಇಟ್ಟು ದಿನಸಿ ತಂದ ಹಾಗೆ. ಒಂದೆರಡು ದಿನಕ್ಕೆ ಇದು ಜಾಣತನವೇ. ಮಾತ್ರೆ ತಿಂಗಳುಗಟ್ಟಲೆ ನಡೆದರೆ ಮನೆಯಲ್ಲಿ ದಿನಸಿ ತುಂಬಿದ್ದರೂ ಒಡವೆ ಹೋಗುತ್ತಲೇ ಇರುತ್ತದೆ. ಸಕ್ಕರೆ ಏರುವುದು, ತೊಡೆ ಸೊರಗುವುದು ಎರಡು ಬೇರೆ ಬೇರೆ ತೊಂದರೆ ಅಲ್ಲ, ಒಂದೇ ವ್ಯವಹಾರದ ಎರಡು ತುದಿ.

ಇದು ಹೊಸ ವಿಷಯವೇನಲ್ಲ. 1940ರಲ್ಲಿ ಅಮೆರಿಕದ ಯೇಲ್‌ನಲ್ಲಿ ಸಿ. ಎನ್. ಎಚ್. ಲಾಂಗ್ ಮತ್ತು ಜೊತೆಯವರು ಉಪವಾಸ ಇಟ್ಟ ಇಲಿಗಳಿಗೆ ಅಡ್ರಿನಲ್ ಗ್ರಂಥಿಯ ಸಾರ ಕೊಟ್ಟು ನೋಡಿದ್ದರು. ಲಿವರ್‌ನಲ್ಲಿ ಗ್ಲೈಕೋಜೆನ್ (ಕೂಡಿಟ್ಟ ಸಕ್ಕರೆ) ಏರಿತು, ಅದರ ಜೊತೆಗೇ ಮೂತ್ರದಲ್ಲಿ ನೈಟ್ರೋಜನ್ ಕೂಡ ಏರಿತು. ನೈಟ್ರೋಜನ್ ಬರುವುದು ಪ್ರೋಟೀನ್ ಒಡೆದಾಗ. ಅಂದರೆ ಹೊಟ್ಟೆಗೆ ಏನೂ ಇಲ್ಲದ ಇಲಿ ತನ್ನ ಮೈಯಿಂದಲೇ ಸಕ್ಕರೆ ಮಾಡಿಕೊಂಡಿತ್ತು. ಎಂಟು ವರ್ಷದ ನಂತರ, 1948ರಲ್ಲಿ, ಮೇಯೋ ಕ್ಲಿನಿಕ್‌ನ ವೈದ್ಯ ಫಿಲಿಪ್ ಹೆಂಚ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಹೆಂಗಸಿಗೆ ಕಾರ್ಟಿಸೋನ್ ಅನ್ನುವ ಇದೇ ಜಾತಿಯ ಸ್ಟೀರಾಯ್ಡ್‌ನ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಕ್ಕೆ ಆಕೆ ಎದ್ದು ಓಡಾಡಿದರು. 1950ರಲ್ಲಿ ಹೆಂಚ್, ಈ ಹಾರ್ಮೋನುಗಳನ್ನು ಗ್ರಂಥಿಯಿಂದ ಬೇರ್ಪಡಿಸಿದ ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ದುಂಡು ಮುಖ, ತೆಳ್ಳಗಿನ ಕೈಕಾಲು ಮಾತ್ರ ಅದಕ್ಕೂ ಮೊದಲೇ, 1932ರಲ್ಲೇ, ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಬರೆದಿಟ್ಟಿದ್ದರು. ಅವರು ನೋಡಿದ್ದು ಮೈಯೇ ಅತಿಯಾಗಿ ಕಾರ್ಟಿಸೋಲ್ ಮಾಡುವ ರೋಗಿಗಳನ್ನು.

ಸ್ನಾಯುವಿನೊಳಗೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಹಳೇ ಪ್ರೋಟೀನ್ ಒಡೆಯುವ ಕಿಣ್ವಗಳು ಜಾಸ್ತಿಯಾಗುತ್ತವೆ, ಹೊಸದನ್ನು ಕಟ್ಟುವ ಕೆಲಸ ನಿಧಾನವಾಗುತ್ತದೆ. ಎಲ್ಲ ಸ್ನಾಯುವಿಗೂ ಪೆಟ್ಟು ಒಂದೇ ಅಲ್ಲ. ಥಟ್ಟನೆ ಬಲ ಕೊಡುವ ವೇಗದ ಎಳೆಗಳು ಮೊದಲು ಸೊರಗುತ್ತವೆ. ಸೊಂಟ, ತೊಡೆ, ಭುಜ ಮೊದಲು ಸೋಲುತ್ತವೆ, ಅಂಗೈ ಪಾದ ಗಟ್ಟಿಯಾಗೇ ಇರುತ್ತವೆ. ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಹಿಂಡುವ ಅಜ್ಜಿಗೆ ನೆಲದಿಂದ ಏಳೋಕೆ ಆಗುವುದಿಲ್ಲ. ಹಿಡಿತ ನೋಡಿ "ಶಕ್ತಿ ಇದೆಯಲ್ಲ" ಅಂತ ಮನೆಯವರು ಅಂದುಕೊಳ್ಳುವುದು ಇಲ್ಲೇ. ನೋವು ಇರುವುದಿಲ್ಲ. ಸ್ನಾಯು ರೋಗಕ್ಕೆ ಮಾಡಿಸುವ ಸಿಪಿಕೆ ರಕ್ತಪರೀಕ್ಷೆಯೂ ಸಾಮಾನ್ಯವಾಗಿ ನಾರ್ಮಲ್ಲೇ ಬರುತ್ತದೆ. ಡೆಕ್ಸಾಮೆಥಾಸೋನ್, ಟ್ರಯಾಮ್ಸಿನೊಲೋನ್ ಥರದ ಫ್ಲೋರಿನ್ ಸೇರಿದ ಸ್ಟೀರಾಯ್ಡ್‌ಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ.

ಕುರ್ಚಿ ಪರೀಕ್ಷೆ

ತೂಕದ ಯಂತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ತೊಡೆಯಿಂದ ಎರಡು ಕೆಜಿ ಮಾಂಸ ಹೋಗಿ ಹೊಟ್ಟೆಗೆ ಮೂರು ಕೆಜಿ ಕೊಬ್ಬು ಬಂದರೆ ಯಂತ್ರ "ಒಂದು ಕೆಜಿ ಜಾಸ್ತಿ" ಅನ್ನುತ್ತದೆ ಅಷ್ಟೇ. ಅದರ ಮೇಲೆ ಉಪ್ಪು ನೀರು ಮೈಯಲ್ಲಿ ನಿಂತರೆ ಲೆಕ್ಕ ಇನ್ನೂ ಕೆಡುತ್ತದೆ.

ಕುರ್ಚಿ ತಗೊಳ್ಳಿ. ಊಟದ ಮೇಜಿನ ಮರದ ಕುರ್ಚಿ ಒಳ್ಳೆಯದು, ಕೂರುವ ಎತ್ತರ ಹದಿನೇಳು ಇಂಚು ಆಸುಪಾಸು ಇರಲಿ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಬೇಡ. ಸೋಫಾ ಬೇಡವೇ ಬೇಡ. ಕುರ್ಚಿಯ ಬೆನ್ನನ್ನು ಗೋಡೆಗೆ ಒತ್ತಿ ಇಡಿ. ಸ್ವಲ್ಪ ಮುಂದಕ್ಕೆ ಬಂದು ಕೂತು ಪಾದ ಎರಡನ್ನೂ ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಮನೆಯವರೊಬ್ಬರು ಪಕ್ಕದಲ್ಲಿ ನಿಂತಿರಲಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಲಿ. ಈಗ ಐದು ಸಲ ಪೂರ್ತಿ ಎದ್ದು, ಪೂರ್ತಿ ಕೂತು, ಮತ್ತೆ ಏಳಿ. ಆದಷ್ಟು ಬೇಗ.

ವಯಸ್ಸಾದವರಲ್ಲಿ ಹನ್ನೆರಡು ಸೆಕೆಂಡ್ ಹಿಡಿದರೆ ಕಾಲಿನ ಬಲ ಕಡಿಮೆಯಾಗುತ್ತಿದೆ ಅಂತ ಲೆಕ್ಕ. ಹದಿನೈದು ದಾಟಿದರೆ ವೈದ್ಯರಿಗೆ ಹೇಳಲೇಬೇಕು. ನಲವತ್ತರ ಒಳಗಿನವರು ಹನ್ನೆರಡು ಮುಟ್ಟುವವರೆಗೆ ಕಾಯಬಾರದು. ಅವರಿಗೆ ತಮ್ಮದೇ ಹಳೇ ಅಂಕಿ ಅಳತೆಗೋಲು. ಆದ್ದರಿಂದ ಮಾತ್ರೆ ಶುರು ಮಾಡಿದ ವಾರವೇ ಒಮ್ಮೆ ಮಾಡಿ ಕ್ಯಾಲೆಂಡರಿನಲ್ಲಿ ಬರೆದಿಡಿ, ಆಮೇಲೆ ಹದಿನೈದು ದಿನಕ್ಕೊಮ್ಮೆ.

ಸೆಕೆಂಡ್ ಜೊತೆಗೆ ಏಳುವ ರೀತಿಯನ್ನೂ ನೋಡಿ. ನಾನು ಮೊದಲು ನೋಡುವುದೇ ಅದು. ಬಲ ಇರುವವರು ತಲೆ ಸ್ವಲ್ಪ ಮುಂದೆ ತಂದು ನೇರ ಏಳುತ್ತಾರೆ. ತೊಡೆ ಸೋತವರು ಮೈಯನ್ನು ಜೋರಾಗಿ ಮುಂದಕ್ಕೆ ಎಸೆಯುತ್ತಾರೆ, ಮಂಡಿಗಳು ಒಂದಕ್ಕೊಂದು ತಾಗುತ್ತವೆ, ಕೈ ತಾನಾಗಿ ತೊಡೆ ಒತ್ತೋಕೆ ಹೋಗುತ್ತದೆ. ಕೂರುವಾಗ ಕೊನೆಯ ನಾಲ್ಕು ಇಂಚು ನಿಯಂತ್ರಣ ತಪ್ಪಿ ಧೊಪ್ ಅಂತ ಬೀಳುತ್ತಾರೆ. ಆ "ಧೊಪ್" ಕೇಳಿಸಿದರೆ ಸ್ಟಾಪ್‌ವಾಚ್ ಏನೇ ಹೇಳಲಿ, ಕೆಲಸ ಶುರು ಮಾಡಿ ಅಂತ ಅರ್ಥ.

ಭುಜದ್ದು ಹೆಂಗಸರಿಗೆ ಬೇಗ ಗೊತ್ತಾಗುತ್ತದೆ. ಬಟ್ಟೆ ತಂತಿಗೆ ಹಾಕುವಾಗ ಕೈ ಸೋತು ಇಳಿಯುತ್ತದೆ, ಜಡೆ ಹಾಕುವಾಗ ನಡುವೆ ಕೈ ಇಳಿಸಬೇಕಾಗುತ್ತದೆ. ಗಂಡಸರಿಗೆ ಮೇಲಿನ ಅಟ್ಟದ ಡಬ್ಬಿ ಇಳಿಸುವಾಗ.

ಟೇಪ್ ಇದ್ದರೆ ಮೀನಖಂಡದ ದಪ್ಪದ ಜಾಗ ಅಳೆಯಿರಿ. ಏಷ್ಯಾದವರಲ್ಲಿ ಗಂಡಸರಿಗೆ 34 ಸೆಂಟಿಮೀಟರ್, ಹೆಂಗಸರಿಗೆ 33ಕ್ಕಿಂತ ಕಡಿಮೆ ಬಂದರೆ ಮಾಂಸ ಕಡಿಮೆ ಇರಬಹುದು ಅಂತ ಎಣಿಸುತ್ತಾರೆ. ಕಾಲು ಊದಿಕೊಂಡಿದ್ದರೆ ಈ ಅಳತೆ ಸುಳ್ಳು ಹೇಳುತ್ತದೆ. ಹೆಬ್ಬೆರಳಿಂದ ಕಣಕಾಲಿನ ಮೇಲೆ ಒತ್ತಿ, ಗುಳಿ ಬಿದ್ದರೆ ಟೇಪ್ ಬಿಟ್ಟು ಕುರ್ಚಿಯನ್ನೇ ನೆಚ್ಚಿಕೊಳ್ಳಿ.

ವ್ಯಾಯಾಮ ಮಾಡುವ ಬಗೆ

ವಾಕಿಂಗ್ ಒಳ್ಳೆಯದು, ಮಾಡಿ. ಆದರೆ ಅದೊಂದೇ ಸಾಲದು. ಸೊರಗುತ್ತಿರುವುದು ವೇಗದ ಎಳೆಗಳು, ಅವು ಎಚ್ಚರಾಗುವುದು ಭಾರ ಬಿದ್ದಾಗ. ಪ್ರೆಡ್ನಿಸೋನ್ ಅನ್ನುವ ಸ್ಟೀರಾಯ್ಡ್ ಮೇಲಿದ್ದ ಕಿಡ್ನಿ ಕಸಿಯಾದವರಿಗೆ ತೊಡೆಯ ವ್ಯಾಯಾಮ ಮಾಡಿಸಿ, ಹೋದ ಮಾಂಸ ಮತ್ತೆ ಬರುವುದನ್ನು 1980ರ ದಶಕದಲ್ಲೇ ತೋರಿಸಿದ್ದಾರೆ. ಮಾತ್ರೆ ನಡೆಯುತ್ತಿರುವಾಗಲೇ ಬಂತು ಅನ್ನುವುದನ್ನು ಗಮನಿಸಿ.

ಅದೇ ಕುರ್ಚಿ ಸಾಕು. ಪರೀಕ್ಷೆಯಲ್ಲಿ ಬೇಗ ಎದ್ದಿರಿ, ವ್ಯಾಯಾಮದಲ್ಲಿ ನಿಧಾನ. ಏಳುವಾಗ ಉಸಿರು ಬಿಡಿ. ಕೂರುವಾಗ ಮನಸ್ಸಿನಲ್ಲಿ ನಾಲ್ಕು ಎಣಿಸುತ್ತ ಇಳಿಯಿರಿ, ಕುರ್ಚಿ ತಾಗಿದ ಕೂಡಲೇ ಮೈ ಬಿಡಬೇಡಿ. ಎಂಟರಿಂದ ಹತ್ತು ಸಲ ಒಂದು ಸುತ್ತು. ಎರಡು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಏಳೋಕೇ ಆಗದವರು ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ಹತ್ತು ಸಲ ಸಲೀಸಾಗಿ ಆದರೆ ದಿಂಬು ತೆಗೆಯಿರಿ. ದಿಂಬಿಲ್ಲದೆಯೂ ಸಲೀಸಾದರೆ ಒಂದು ಲೀಟರ್ ನೀರಿನ ಬಾಟಲಿ ಎದೆಗೆ ಅವಚಿಕೊಂಡು ಏಳಿ, ಒಂದು ಕೆಜಿ ಭಾರ ಸೇರಿತು. ಕೊನೆಯ ಎರಡು ಸಲ ಏಳೋಕೆ ಸ್ವಲ್ಪ ಕಷ್ಟ ಆಗಬೇಕು. ಕಷ್ಟವೇ ಆಗದಿದ್ದರೆ ಸ್ನಾಯುವಿಗೆ ಸುದ್ದಿ ಮುಟ್ಟಿಲ್ಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು.

ಜೊತೆಗೆ ಗೋಡೆಗೆ ಕೈ ಊರಿ ದಂಡ ಹೊಡೆಯುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕೈಹಿಡಿ ಹಿಡಿದು ಒಂದು ಮಜಲು ಮೆಟ್ಟಿಲು ಹತ್ತುವುದು. ಇಷ್ಟೇ.

ಬೇಡದ್ದನ್ನು ಇದಕ್ಕಿಂತ ಜೋರಾಗಿ ಹೇಳಬೇಕು. ಈ ಮಾತ್ರೆಯಿಂದ ಮೂಳೆಯೂ ಸವೆಯುತ್ತದೆ, ಅದರಲ್ಲೂ ಬೆನ್ನುಮೂಳೆಯ ಒಳಗಿನ ಜಾಲರಿ. ಮೊದಲ ಮೂರರಿಂದ ಆರು ತಿಂಗಳಲ್ಲೇ ಸವೆತ ಜೋರು. ಹಾಗಾಗಿ ಬೆನ್ನು ಬಗ್ಗಿಸಿ ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ ಎತ್ತಬೇಡಿ. ಮಲಗಿ ಹೊಟ್ಟೆ ಮಡಚಿ ಏಳುವ ಕಸರತ್ತು ಬೇಡ. ಯೋಗದಲ್ಲಿ ಮುಂದಕ್ಕೆ ಪೂರ್ತಿ ಬಗ್ಗುವ ಆಸನಗಳನ್ನು ಮೂಳೆ ಸಾಂದ್ರತೆ ಪರೀಕ್ಷೆ ಆಗುವವರೆಗೆ ಬಿಡಿ. ಇದ್ದಕ್ಕಿದ್ದಂತೆ ಬೆನ್ನು ನೋವು ಬಂದರೆ "ಗಾಳಿ ಹಿಡಿದಿದೆ" ಅಂತ ತಿಕ್ಕಿಸಿಕೊಳ್ಳಬೇಡಿ, ಎಕ್ಸ್‌ರೇ ಮಾಡಿಸಿ. ತೊಡೆಸಂದಿಯಲ್ಲಿ ನೋವು ಬಂದು ಕುಂಟುವಂತಾದರೆ ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರನ್ನು ನೋಡಿ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ದುಂಡು ತಲೆಗೆ ರಕ್ತ ಹರಿಯುವುದು ನಿಂತು ಮೂಳೆ ಸಾಯುವುದು ಈ ಮಾತ್ರೆಯಲ್ಲಿ ಉಂಟು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐಯಲ್ಲಿ ಮಾತ್ರ ಕಾಣಬಹುದು.

ಇನ್ನೊಂದು. ಭೇದಿಗೆ, ಉರಿಮೂತ್ರಕ್ಕೆ ಸಿಪ್ರೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್ ಅಂಗಡಿಯಿಂದ ತಂದು ನುಂಗುವ ಅಭ್ಯಾಸ ನಮ್ಮಲ್ಲಿದೆ. ಸ್ಟೀರಾಯ್ಡ್ ಜೊತೆ ಈ ಜಾತಿಯ ಆಂಟಿಬಯಾಟಿಕ್ ಸೇರಿದರೆ ಹಿಮ್ಮಡಿಯ ಮೇಲಿನ ದಪ್ಪ ನರದಂಥ ಸ್ನಾಯುರಜ್ಜು ಹರಿಯುವ ಅಪಾಯ ಏರುತ್ತದೆ. ಅಲ್ಲಿ ನೋವು ಶುರುವಾದರೆ ನಡಿಗೆ, ಮೆಟ್ಟಿಲು ಎಲ್ಲ ಬಂದ್ ಮಾಡಿ ಅವತ್ತೇ ವೈದ್ಯರಿಗೆ ಫೋನ್ ಮಾಡಿ.

ತಟ್ಟೆಯಲ್ಲಿ ಏನಿದೆ?

ಅರವತ್ತು ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಅರವತ್ತರಿಂದ ಎಪ್ಪತ್ತು ಗ್ರಾಂ ಪ್ರೋಟೀನ್ ಬೇಕು ಅಂತ ನಾನು ಲೆಕ್ಕ ಇಡುತ್ತೇನೆ. ಕಿಡ್ನಿ ತೊಂದರೆ ಇರುವವರು ಈ ಅಂಕಿ ಹಿಡಿಯಬೇಡಿ, ನಿಮ್ಮ ಕಿಡ್ನಿ ವೈದ್ಯರು ಹೇಳಿದ್ದೇ ಲೆಕ್ಕ. ಉಳಿದವರು ಒಂದು ದಿನ ತಿಂದದ್ದನ್ನು ಬರೆದು ನೋಡಿ. ನಮ್ಮೂರಿನ ದಿನ ಹೀಗಿರುತ್ತದೆ. ಬೆಳಿಗ್ಗೆ ಮೂರು ಇಡ್ಲಿ, ಆರು ಗ್ರಾಂ ಪ್ರೋಟೀನ್ ಆಸುಪಾಸು. ಮಧ್ಯಾಹ್ನ ಅನ್ನ ತಿಳಿಸಾರು. ಸಂಜೆ ಮಂಡಕ್ಕಿ ಮೆಣಸಿನಕಾಯಿ. ರಾತ್ರಿ ಮತ್ತೆ ಅನ್ನ, ಉಪ್ಪಿನಕಾಯಿ. ಸಾರಿನ ಮೇಲಿನ ತಿಳಿಯಲ್ಲಿ ಏನಿಲ್ಲ, ಬೇಳೆ ತಳದಲ್ಲಿ ಕೂತಿರುತ್ತದೆ. ಮನೆಯ ಹಿರಿಯರಿಗೆ "ಹಗುರ ಇರಲಿ" ಅಂತ ಮೇಲಿನದನ್ನೇ ಬಡಿಸುತ್ತಾರೆ. ಸೌಟನ್ನು ತಳಕ್ಕೆ ಹಾಕಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮೂವತ್ತು ಗ್ರಾಂ ಒಣಬೇಳೆ ಬೇಯಿಸಿದರೆ ಒಂದು ಬಟ್ಟಲು ಗಟ್ಟಿ ಬೇಳೆ, ಏಳು ಗ್ರಾಂ ಪ್ರೋಟೀನ್. ಹುರುಳಿ, ಹೆಸರು, ಅಲಸಂದೆ ಯಾವ ಕಾಳಾದರೂ ಹೆಚ್ಚುಕಡಿಮೆ ಅಷ್ಟೇ. ಒಂದು ಹಿಡಿ ಶೇಂಗಾ ಇನ್ನೊಂದು ಏಳು. ಮೊಟ್ಟೆಗೆ ಆರು. ದೊಡ್ಡ ಲೋಟ ಹಾಲು ಅಥವಾ ಮೊಸರಿಗೆ ಎಂಟು. ಐವತ್ತು ಗ್ರಾಂ ಪನೀರಿಗೆ ಒಂಬತ್ತು. ರೊಟ್ಟಿ, ಅನ್ನ ಎಲ್ಲ ಸೇರಿ ಹದಿನೈದು ಬರುತ್ತದೆ. ಎರಡು ಲೋಟ ಹಾಲು ಮೊಸರು, ಒಂದು ಬಟ್ಟಲು ಬೇಳೆ, ಒಂದು ಕಾಳುಪಲ್ಯ, ಶೇಂಗಾ ಚಟ್ನಿ, ಎರಡು ಮೊಟ್ಟೆ ಸೇರಿಸಿದರೆ ಅರವತ್ತು ದಾಟಿತು. ಮೊಟ್ಟೆ ತಿನ್ನದ ಮನೆಯಲ್ಲಿ ಪನೀರು ಮತ್ತು ಇನ್ನೊಂದು ಲೋಟ ಮೊಸರು ಸೇರಿಸಿ, ಮಜ್ಜಿಗೆ ಅಲ್ಲ. ರಾತ್ರಿ ಒಂದೇ ಹೊತ್ತಿಗೆ ತುಂಬಿಸಬೇಡಿ, ಮೂರು ಹೊತ್ತಿಗೂ ಹಂಚಿ. ಡಬ್ಬಿಯ ಪ್ರೋಟೀನ್ ಪುಡಿ ಬೇಕೇ ಅಂತ ಎಲ್ಲರೂ ಕೇಳುತ್ತಾರೆ. ಊಟ ಸೇರದವರಿಗೆ ಸರಿ. ಊಟ ಸೇರುವವರಿಗೆ ದುಡ್ಡು ದಂಡ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಮ್ಮಿ ಮಾಡಿ, ಕಾಲೂತ ಮತ್ತು ಬಿಪಿಗೆ. ಕ್ಯಾಲ್ಸಿಯಂ ದಿನಕ್ಕೆ ಊಟ ಮಾತ್ರೆ ಸೇರಿ 1,000ದಿಂದ 1,200 ಎಂಜಿ ಬೇಕು, ಜೊತೆಗೆ ವಿಟಮಿನ್ ಡಿ. ಮೂಳೆಗೆ ಬೇರೆ ಮಾತ್ರೆ ಬೇಕೇ ಅಂತ ವೈದ್ಯರನ್ನು ನೀವೇ ಕೇಳಿ, ಮೂರು ತಿಂಗಳಿಗಿಂತ ಜಾಸ್ತಿ ಸ್ಟೀರಾಯ್ಡ್ ಇದ್ದರೆ ಕೇಳಲೇಬೇಕು.

ಕೆಮ್ಮಿಗೆ ಅಂತ ಜ್ಯೇಷ್ಠಮಧು ಜಗಿಯುವವರಿಗೆ ಒಂದು ಮಾತು. ಕಿಡ್ನಿಯಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯ ಮಾಡುವ ಒಂದು ಕಿಣ್ವ ಇದೆ. ಜ್ಯೇಷ್ಠಮಧು ಅದನ್ನು ತಡೆಯುತ್ತದೆ. ಆಗ ಕಾರ್ಟಿಸೋಲ್ ಅಲ್ಡೋಸ್ಟಿರೋನ್ ಥರ ವರ್ತಿಸಿ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಪೊಟ್ಯಾಸಿಯಂ ಇಳಿದರೂ ಕಾಲು ಸೋಲುತ್ತದೆ. ಕಷಾಯದ ಪುಡಿಯಲ್ಲೂ ಇದು ಸೇರಿರುತ್ತದೆ, ನೋಡಿಕೊಳ್ಳಿ.

ಸಕ್ಕರೆ ಪರೀಕ್ಷೆಯನ್ನು ಬರೀ ಖಾಲಿ ಹೊಟ್ಟೆಯಲ್ಲಿ ಮಾಡಿಸಿ "ನಾರ್ಮಲ್" ಅಂತ ಸಮಾಧಾನ ಪಡಬೇಡಿ. ಬೆಳಗಿನ ಪ್ರೆಡ್ನಿಸೋಲೋನ್ ಸಕ್ಕರೆ ಏರಿಸುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಮಧ್ಯಾಹ್ನದ ಊಟ ಆದ ಎರಡು ಗಂಟೆಗೆ ನೋಡಿಸಿ.

ಮನೆಯವರಿಗೆ: ರಟ್ಟೆ ಹಿಡಿದು ಎಳೆಯಬೇಡಿ

ಚರ್ಮವೂ ಪ್ರೋಟೀನೇ. ಚರ್ಮದ ಕೊಲಾಜನ್ ಕಟ್ಟುವ ಕೆಲಸ ಈ ಮಾತ್ರೆಯಿಂದ ಕುಗ್ಗುತ್ತದೆ. ಚರ್ಮ ತೆಳುವಾಗುತ್ತದೆ, ಸುಮ್ನೆ ತಾಗಿದರೂ ನೀಲಿಗಟ್ಟುತ್ತದೆ, ಗಾಯ ಬೇಗ ಮಾಯುವುದಿಲ್ಲ, ಹೊಟ್ಟೆ ತೊಡೆ ಮೇಲೆ ನೇರಳೆ ಗೆರೆ ಮೂಡುತ್ತವೆ. ಮುಖಕ್ಕೆ ಬೆಳ್ಳಗಾಗಲಿ ಅಂತ ಹಚ್ಚುವ ಸ್ಟೀರಾಯ್ಡ್ ಕ್ರೀಮ್ ಮಾಡುವುದೂ ಇದನ್ನೇ. 2018ರಲ್ಲಿ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿದ್ದಾರೆ, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರುತ್ತಾರೆ ಅನ್ನುವುದು ಬೇರೆ ಮಾತು.

ಇಂಥವರನ್ನು ಎಬ್ಬಿಸುವಾಗ ಮಣಿಕಟ್ಟು, ರಟ್ಟೆ ಹಿಡಿದು ಎಳೆದರೆ ಚರ್ಮ ಕಿತ್ತು ಬರುತ್ತದೆ. ನಾನು ಮನೆಯವರಿಗೆ ಮೊದಲು ಕಲಿಸುವುದು ಹೀಗೆ. ಹಳೇ ಹತ್ತಿ ಸೀರೆ ಅಥವಾ ಟವೆಲನ್ನು ಉದ್ದಕ್ಕೆ ಮಡಚಿ ಅವರ ಸೊಂಟದ ಹಿಂದಿನಿಂದ ಸುತ್ತಿ ತನ್ನಿ. ಎದುರಿಗೆ ನಿಂತು ಎರಡೂ ತುದಿ ಹಿಡಿದುಕೊಳ್ಳಿ. ನಿಮ್ಮ ಮಂಡಿ ಮಡಚಿ, ಬೆನ್ನು ನೇರ. "ಒಂದು, ಎರಡು, ಮೂರು" ಅಂದಾಗ ಅವರು ಮುಂದೆ ಬಾಗಿ ಏಳಲಿ, ನೀವು ಸೊಂಟವನ್ನು ನಿಮ್ಮ ಕಡೆ ತನ್ನಿ. ಮೇಲಕ್ಕೆ ಎತ್ತಬೇಡಿ, ಮುಂದಕ್ಕೆ ತನ್ನಿ. ಗಾಯಕ್ಕೆ ಅಂಟುವ ಪ್ಲಾಸ್ಟರ್ ಬೇಡ, ಬಟ್ಟೆ ಬ್ಯಾಂಡೇಜ್ ಸುತ್ತಿ. ಪಾಯಖಾನೆ ಇಂಡಿಯನ್ ಆಗಿದ್ದರೆ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ, ಪಕ್ಕದ ಗೋಡೆಗೆ ಹಿಡಿ ಹಾಕಿಸಿ. ಮೂಳೆ ಮುರಿದುಕೊಂಡವರು ಎಲ್ಲಿ ಬಿದ್ದರು ಅಂತ ಕೇಳಿದರೆ ಬಚ್ಚಲು ಅನ್ನುವವರೇ ಜಾಸ್ತಿ.

ಯಾಕೆ ನಿಲ್ಲಿಸಬಾರದು

ಮಾತ್ರೆ ಹೊರಗಿನಿಂದ ಬರುತ್ತಿರುವಾಗ ಮಿದುಳು ಅಡ್ರಿನಲ್‌ಗೆ ಆರ್ಡರ್ ಕಳಿಸುವುದನ್ನು ನಿಲ್ಲಿಸುತ್ತದೆ. ಮೂರು ನಾಲ್ಕು ವಾರ ದಾಟಿದರೆ ಗ್ರಂಥಿ ನಿದ್ದೆಗೆ ಜಾರಿರಬಹುದು. ಆಗ ಮಾತ್ರೆ ಥಟ್ಟನೆ ಬಿಟ್ಟರೆ ಮೈಯಲ್ಲಿ ಕಾರ್ಟಿಸೋಲ್ ಎರಡೂ ಕಡೆಯಿಂದ ಇಲ್ಲ. ವಾಂತಿ, ತಲೆಸುತ್ತು, ಬಿಪಿ ಕುಸಿತ, ವಿಪರೀತ ಸುಸ್ತು, ಸಕ್ಕರೆ ಇಳಿಯುವುದು. ಪ್ರಾಣಕ್ಕೇ ಬರಬಹುದು. ಊರಿಗೆ ಹೋಗುವಾಗ ಮಾತ್ರೆ ಮರೆತು ಹೋದವರು, "ಮುಖ ಊದುತ್ತೆ" ಅಂತ ಮದುವೆ ಮನೆ ಮುಂದೆ ಬಿಟ್ಟವರು, ಇಬ್ಬರಿಗೂ ಇದೇ ಅಪಾಯ. ಒಂದು ಶೀಟು ಯಾವಾಗಲೂ ಬ್ಯಾಗಿನಲ್ಲಿರಲಿ.

ಜೋರು ಜ್ವರ ಬಂದಾಗ, ಆಪರೇಷನ್‌ಗೆ, ಹಲ್ಲು ಕೀಳಿಸುವ ಮುಂಚೆ ಸ್ಟೀರಾಯ್ಡ್ ವಿಷಯ ಹೇಳಲೇಬೇಕು. ಕೆಲವರಿಗೆ ಆ ದಿನಗಳಲ್ಲಿ ಡೋಸ್ ಹೆಚ್ಚಿಸಬೇಕಾಗುತ್ತದೆ. ಎಷ್ಟು ಅಂತ ಜ್ವರ ಬರುವ ಮೊದಲೇ ಕೇಳಿ ಬರೆಸಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ "ಸ್ಟೀರಾಯ್ಡ್ ಮೇಲಿದ್ದೇನೆ, ಮಾತ್ರೆ ನಿಲ್ಲುತ್ತಿಲ್ಲ" ಅಂತ ಮೊದಲ ಮಾತಿನಲ್ಲೇ ಹೇಳಿ. ಇಂಜೆಕ್ಷನ್ ಬೇಕಾಗುತ್ತದೆ. ಪರ್ಸಿನಲ್ಲಿ ಒಂದು ಚೀಟಿ ಇಡಿ: ಮಾತ್ರೆಯ ಹೆಸರು, ಎಷ್ಟು ಎಂಜಿ, ಯಾವಾಗಿನಿಂದ, ಯಾವ ಕಾಯಿಲೆಗೆ.

ವೈದ್ಯರ ಹತ್ತಿರ ಹೋಗುವಾಗ

"ಸುಸ್ತು ಡಾಕ್ಟ್ರೇ" ಅಂದರೆ ಅವರಿಗೆ ಏನೂ ಸಿಗುವುದಿಲ್ಲ. "ತಿಂಗಳ ಹಿಂದೆ ಐದು ಸಲ ಏಳೋಕೆ ಹತ್ತು ಸೆಕೆಂಡ್, ಈಗ ಹದಿನಾರು, ನೋವಿಲ್ಲ" ಅನ್ನಿ. ಕ್ಯಾಲೆಂಡರಿನ ಹಾಳೆಯ ಫೋಟೋ ತೋರಿಸಿ. ಬಲ ಕಡಿಮೆಯಾಗೋಕೆ ಮಾತ್ರೆಯೇ ಕಾರಣವೋ, ಮೂಲ ಕಾಯಿಲೆ ಮತ್ತೆ ಏರಿದೆಯೋ, ಪೊಟ್ಯಾಸಿಯಂ, ಥೈರಾಯ್ಡ್, ವಿಟಮಿನ್ ಡಿ ಯಾವುದಾದರೂ ಕೈಕೊಟ್ಟಿದೆಯೋ ಅಂತ ನೋಡುವುದು ಅವರ ಕೆಲಸ. ಇದು ಸುಲಭ ಅಲ್ಲ. ಪಾಲಿಮಯೋಸೈಟಿಸ್ ಥರದ ಸ್ನಾಯು ರೋಗಕ್ಕೇ ಸ್ಟೀರಾಯ್ಡ್ ತಗೊಳ್ಳುವವರಲ್ಲಿ ರೋಗವೂ ತೊಡೆಗೇ ಬಡಿಯುತ್ತದೆ, ಔಷಧವೂ ತೊಡೆಗೇ ಬಡಿಯುತ್ತದೆ. ಒಂದಾದರೆ ಡೋಸ್ ಏರಿಸಬೇಕು, ಇನ್ನೊಂದಾದರೆ ಇಳಿಸಬೇಕು. ನಿಮ್ಮ ತಾರೀಖು, ಸೆಕೆಂಡ್, ಆಗಿನ ಡೋಸ್ ಮೂರೂ ಪಕ್ಕಪಕ್ಕ ಬರೆದಿದ್ದರೆ ಅವರಿಗೆ ದೊಡ್ಡ ಸಹಾಯ.

ಉಸಿರಿನ ಸ್ನಾಯುಗಳೂ ಇದೇ ಮಾಂಸ. ಮಲಗಿದಾಗ ಉಸಿರು ಸಾಲದಂತಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಡೋಸ್ ಇಳಿಸೋಕೆ ಶುರು ಮಾಡಿದ ಮೇಲೆ ಬಲ ಮರಳೋಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಮುಖ ಇಳಿಯಿತು ಅಂತ ಕುರ್ಚಿ ವ್ಯಾಯಾಮ ಬಿಡಬೇಡಿ. ಡೋಸ್ ಇಳಿಸಿದ ವಾರ ಮೈಕೈ ನೋವು, ಬೇಸರ, ಸುಸ್ತು ಬರುವುದುಂಟು. ಆ ವಾರ ಎರಡು ಸುತ್ತಿನ ಬದಲು ಒಂದೇ ಸುತ್ತು ಮಾಡಿ. ವಾರ ಕಳೆದರೂ ಸುಸ್ತು ಇಳಿಯದೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಹಳೇ ಡೋಸ್ ಎಷ್ಟಿತ್ತು, ಈಗ ಎಷ್ಟು ಅಂತ ಹೇಳಿ ವೈದ್ಯರಿಗೆ ಫೋನ್ ಮಾಡಿ.